ಭಾರದ ವ್ಯಾನಿಗೆ ಸದ್ದು ಕಡಿಮೆ ಇರುವ, ಬಾಳಿಕೆ ಬರುವ ಟೈರು ಯಾವುದು?

ಸರಕು_ವ್ಯಾನ್

ಎಲ್ಲರಿಗೂ ನಮಸ್ಕಾರ. ನನ್ನದು ಉದ್ದ ಮೈಯ, ಎತ್ತರದ ಛಾವಣಿಯ ಡೀಸೆಲ್ ವ್ಯಾನ್. ಹಿಂದಿನ ಚಕ್ರಗಳಿಗೆ ಡ್ರೈವ್. ಒಟ್ಟು ತೂಕದ ಮಿತಿ 3,500 ಕೆಜಿ. ಹಿಂದೆ ಮರಗೆಲಸದ ಯಂತ್ರ, ಪ್ಲೈವುಡ್, ಸಾಮಾನಿನ ಕಪಾಟು ಯಾವಾಗಲೂ ಇರುತ್ತವೆ. ಟೈರಿನ ಸೈಜು 235/65R16C.

ಈಗಿರುವ ಟೈರುಗಳು 55,000 ಕಿಮೀ ಓಡಿವೆ. ಹೊಸದರಲ್ಲಿ ಬಟನ್ನುಗಳ ನಡುವಿನ ಸಂದು 9 ಮಿಮೀ ಆಳ ಇತ್ತು, ಈಗ ಸುಮಾರು 3 ಮಿಮೀ ಉಳಿದಿದೆ. ಇನ್ನೂ ಬೋಳಾಗಿಲ್ಲ. ಆದರೆ ಸದ್ದು ಮಾತ್ರ ತಡೆಯೋಕಾಗಲ್ಲ. 70 ದಾಟಿದರೆ ಗುಂಯ್ ಎಂದು ಶುರುವಾಗುತ್ತದೆ. 90ರಲ್ಲಿ ಪಕ್ಕದಲ್ಲಿ ಕೂತವರ ಜೊತೆ ಕೂಗಿ ಮಾತಾಡಬೇಕು. ದಿನಕ್ಕೆ ನಾಲ್ಕೈದು ಗಂಟೆ ಓಡಿಸಿದ ಮೇಲೆ ತಲೆ ಚಿಟ್ಟು ಹಿಡಿಯುತ್ತದೆ. ರಾತ್ರಿ ಮಲಗಿದಾಗಲೂ ಕಿವಿಯಲ್ಲಿ ಅದೇ ಸದ್ದು.

ಟೈರು ಹೇಗೂ ಬದಲಿಸಬೇಕು. ಒಬ್ಬರು ದಪ್ಪ ಬಟನ್ ಇರುವ ಆಲ್ ಟೆರೇನ್ ಹಾಕಿಸು, ಬಾಳಿಕೆ ಜಾಸ್ತಿ ಅಂದರು. ಇನ್ನೊಬ್ಬರು ಕಾರಿನ ಟೈರು ಹಾಕಿಸು, ಸದ್ದೇ ಇರಲ್ಲ ಅಂದರು. ನನಗೆ ಎರಡೂ ಬೇಕು, ಸದ್ದೂ ಕಡಿಮೆ ಇರಬೇಕು, ಬಾಳಿಕೆಯೂ ಬರಬೇಕು. ಇದು ಒಂದೇ ಟೈರಿನಲ್ಲಿ ಸಿಗುತ್ತಾ?

ದೂರದ_ದಾರಿ

ಸಿಗುತ್ತದೆ ಸರ್. ಆದರೆ ಟೈರು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಸದ್ದು ಟೈರಿನದ್ದೇ ಅಂತ ಖಚಿತ ಮಾಡಿಕೊಳ್ಳಿ. ನಾನು ಹಿಂದೊಮ್ಮೆ ನಾಲ್ಕೂ ಟೈರು ಬದಲಿಸಿ, ಅದೇ ಸದ್ದು ಕೇಳಿಕೊಂಡು ಮನೆಗೆ ಬಂದಿದ್ದೆ. ಹೋಗಿದ್ದದ್ದು ವೀಲ್ ಬೇರಿಂಗ್.

ಪರೀಕ್ಷೆ ಸುಲಭ. ಖಾಲಿ ಇರುವ ಅಗಲವಾದ ರಸ್ತೆಯಲ್ಲಿ 70ರಲ್ಲಿ ಹೋಗಿ. ಸ್ಟೀರಿಂಗನ್ನು ನಿಧಾನವಾಗಿ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಿ. ಗಾಡಿಯ ಭಾರ ಒಂದು ಬದಿಗೆ ಬಿದ್ದಾಗ ಸದ್ದು ಏರಿ, ಇನ್ನೊಂದು ಬದಿಗೆ ಬಿದ್ದಾಗ ಇಳಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಟೈರಿನ ಸದ್ದಾದರೆ ರಸ್ತೆ ಬದಲಾದಂತೆ ಬದಲಾಗುತ್ತದೆ. ಜಲ್ಲಿ ಎದ್ದ ಹಳೇ ಡಾಂಬರಿನಲ್ಲಿ ಒಂದು ತರ, ಹೊಸ ನುಣುಪು ಡಾಂಬರಿನಲ್ಲಿ ಇನ್ನೊಂದು ತರ. ಗೇರು ನ್ಯೂಟ್ರಲ್‌ಗೆ ತಂದರೂ ಸದ್ದು ಹಾಗೇ ಇದ್ದರೆ ಎಂಜಿನ್ನಿನದ್ದಲ್ಲ.

ಆಮೇಲೆ ಗಾಡಿ ನಿಲ್ಲಿಸಿ, ಪ್ರತಿ ಟೈರಿನ ಮೇಲೂ ಅಂಗೈ ಆಡಿಸಿ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಒಳ ಅಂಚು, ಹೊರ ಅಂಚು ಎರಡನ್ನೂ ಮುಟ್ಟಿ ನೋಡಿ. ಏನು ಸಿಕ್ಕಿತು ಅಂತ ಇಲ್ಲಿ ಬರೆಯಿರಿ.

ಸರಕು_ವ್ಯಾನ್

ಮಾಡಿ ನೋಡಿದೆ. ಸ್ಟೀರಿಂಗ್ ಆಡಿಸಿದಾಗ ಸದ್ದು ಬದಲಾಗಲಿಲ್ಲ. ರಸ್ತೆ ನುಣುಪಾದ ಕಡೆ ಕಡಿಮೆಯಾಯಿತು.

ಅಂಗೈ ಪರೀಕ್ಷೆಯಲ್ಲಿ ಮಾತ್ರ ಆಶ್ಚರ್ಯ ಕಾದಿತ್ತು. ಹಿಂದಿನ ಟೈರುಗಳು ಎರಡೂ ಕಡೆಗೆ ನುಣುಪು. ಮುಂದಿನವು ಹಾಗಿಲ್ಲ. ಕೈಯನ್ನು ಒಂದು ಕಡೆಗೆ ಎಳೆದರೆ ಜಾರುತ್ತದೆ, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಪ್ರತಿ ಬಟನ್ನಿನ ಅಂಚೂ ಬೆರಳಿಗೆ ತಾಗುತ್ತದೆ. ಹೊರ ಅಂಚಿನಲ್ಲಂತೂ ಒಂದೊಂದು ಬಟನ್ನೂ ಓರೆಯಾಗಿ ಸವೆದು, ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಕಣ್ಣಿಗೆ ಅಷ್ಟಾಗಿ ಕಾಣಲ್ಲ. ಕೈಗೆ ಚೆನ್ನಾಗಿ ಗೊತ್ತಾಗುತ್ತದೆ.

ಹಳೇ_ಫಿಟ್ಟರ್

ನಿಮ್ಮ ಗುಂಯ್ ಸದ್ದು ಅಲ್ಲೇ ಇದೆ. ಇಪ್ಪತ್ತು ವರ್ಷ ಟೈರು ಬಿಚ್ಚಿ ಹಾಕಿದ ಕೈ ನನ್ನದು. ವ್ಯಾನುಗಳಲ್ಲಿ ಸದ್ದು ಅಂತ ಬಂದವರಲ್ಲಿ ಬಹಳ ಜನರಿಗೆ ಇದೇ ಕಾರಣ ಇರುತ್ತಿತ್ತು.

ಬಟನ್ ಒಂದೊಂದೂ ನೆಲಕ್ಕೆ ತಾಗುವಾಗ ಬಾಗುತ್ತದೆ, ನೆಲ ಬಿಡುವಾಗ ಸ್ವಲ್ಪ ಉಜ್ಜಿಕೊಂಡು ಏಳುತ್ತದೆ. ಆ ಉಜ್ಜಿನಲ್ಲಿ ಒಂದೇ ತುದಿ ಹೆಚ್ಚು ಸವೆಯುತ್ತದೆ. ಡ್ರೈವ್ ಇರುವ ಚಕ್ರದಲ್ಲಿ ಎಂಜಿನ್ ಎಳೆತ ಇನ್ನೊಂದು ತುದಿಯನ್ನೂ ಸವೆಸುವುದರಿಂದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಸುಮ್ನೆ ಉರುಳುವ ಚಕ್ರದಲ್ಲಿ ಹಾಗಾಗಲ್ಲ. ಅದಕ್ಕೇ ನಿಮ್ಮ ಗಾಡಿಯಲ್ಲಿ ಮುಂದಿನವು ಹೀಗಾಗಿವೆ. ಮುಂದಿನ ಚಕ್ರಕ್ಕೆ ಡ್ರೈವ್ ಇರುವ ವ್ಯಾನಿನಲ್ಲಿ ಇದೇ ಕಾಟ ಹಿಂದಿನ ಟೈರಿಗೆ ಬರುತ್ತದೆ. ಹಲ್ಲು ಹಲ್ಲಾದ ಟೈರು ಉರುಳುವಾಗ ಪ್ರತಿ ಹಲ್ಲೂ ರಸ್ತೆಗೆ ಟಪ್ ಟಪ್ ಅಂತ ಬಡಿಯುತ್ತದೆ. ವೇಗ ಏರಿದಾಗ ಆ ಟಪ್ ಟಪ್ ಎಲ್ಲಾ ಸೇರಿ ಗುಂಯ್ ಆಗುತ್ತದೆ.

ಮೂರು ಪ್ರಶ್ನೆ. ಒಂದು, ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಿದ್ದು ಯಾವಾಗ? ಎರಡು, ಗಾಳಿ ಎಷ್ಟಿದೆ? ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ನೋಡಿದ್ದು ಹೇಳಿ. ಮೂರು, ಅಲೈನ್‌ಮೆಂಟ್ ಯಾವಾಗ ಮಾಡಿಸಿದಿರಿ?

ಬೆಳಗಿನ_ಡೆಲಿವರಿ

ಅಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ? ನಾನು ನನ್ನ ವ್ಯಾನಿಗೆ ಅದೇ ಸೈಜಿನ ಕಾರು-ಎಸ್‌ಯುವಿ ಟೈರು ಹಾಕಿಸಿದ್ದೇನೆ. 235/65R16, ಕೊನೆಯಲ್ಲಿ C ಇಲ್ಲ ಅಷ್ಟೇ. ಬೆಣ್ಣೆಯ ಹಾಗೆ ಓಡುತ್ತದೆ. ನನ್ನ ಲೋಡು ಹಗುರ, ಬರೀ ಪಾರ್ಸೆಲ್ ಡಬ್ಬಗಳು.

ಹಳೇ_ಫಿಟ್ಟರ್

ದಯವಿಟ್ಟು ನಾಳೆಯೇ ಅದರ ಮೇಲಿನ ನಂಬರ್ ನೋಡಿ. ಇದು ಜೀವದ ವಿಷಯ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಆ ಸೈಜಿನ ಕಾರ್ ಟೈರಿನಲ್ಲಿ ಸಾಮಾನ್ಯವಾಗಿ 103 ಅಂತ ಇರುತ್ತದೆ. ಅದು ಲೋಡ್ ಇಂಡೆಕ್ಸ್. 103 ಅಂದರೆ ಒಂದು ಟೈರಿಗೆ 875 ಕೆಜಿ. ಎರಡಕ್ಕೆ 1,750. 3,500 ಕೆಜಿ ವ್ಯಾನಿನ ಹಿಂದಿನ ಆಕ್ಸಲ್‌ನ ಮಿತಿ ಗಾಡಿಯ ಮೇಲಿನ ತಯಾರಕರ ಪ್ಲೇಟಿನಲ್ಲಿ 2,250 ಕೆಜಿ ಆಸುಪಾಸು ಇರುತ್ತದೆ. 500 ಕೆಜಿ ಕಡಿಮೆ ಬಿತ್ತಲ್ವಾ? ಅಮೆರಿಕದ ನಿಯಮದಲ್ಲಂತೂ ಕಾರಿನ ಟೈರನ್ನು ಇಂಥ ಗಾಡಿಗೆ ಹಾಕಿದರೆ ಅದರ ಲೋಡನ್ನು 1.1ರಿಂದ ಭಾಗಿಸಬೇಕು. ಆಗ 875 ಹೋಗಿ 795 ಆಗುತ್ತದೆ.

C ಅಂದರೆ ಸರಕು ಗಾಡಿಯ ಟೈರು. ಅದರಲ್ಲಿ ಎರಡು ನಂಬರ್ ಇರುತ್ತವೆ. 115/113 ಅಂತಿದ್ದರೆ ಒಂಟಿ ಚಕ್ರಕ್ಕೆ 115, ಜೋಡಿ ಚಕ್ರಕ್ಕೆ 113. ವ್ಯಾನಿನವರು ನೆನಪಿಡಬೇಕಾದವು ಕೆಲವೇ: 107 ಅಂದರೆ 975 ಕೆಜಿ, 112 ಅಂದರೆ 1,120, 115 ಅಂದರೆ 1,215, 118 ಅಂದರೆ 1,320, 121 ಅಂದರೆ 1,450. ಕೊನೆಯ ಅಕ್ಷರ ವೇಗದ ಮಿತಿ. R ಅಂದರೆ ಗಂಟೆಗೆ 170 ಕಿಮೀ, Q ಅಂದರೆ 160.

ಲೋಡು ಹಗುರ ಅನ್ನುವ ಮಾತಿಗೆ ಉತ್ತರ. ತಯಾರಕರು ಪ್ಲೇಟಿನ ಮೇಲೆ ಬರೆದ ಮಿತಿಗೆ ತಕ್ಕ ಟೈರು ಇರಬೇಕು. ಇವತ್ತಿನ ಲೋಡಿಗೆ ಸಾಕಾದರೆ ಸಾಲದು. ನಾಳೆ ಯಾರಿಗೋ ಸಹಾಯ ಅಂತ ಮನೆ ಸಾಮಾನು ತುಂಬಿದರೆ, ಬಿಸಿಲಲ್ಲಿ ಆ ಟೈರಿನ ಪಕ್ಕ ಬಗ್ಗಿ ಬಗ್ಗಿ ಒಳಗೇ ಬಿಸಿಯಾಗುತ್ತದೆ. ಅಂಥ ಟೈರು ಪಂಕ್ಚರ್ ಆಗಿ ನಿಲ್ಲಲ್ಲ, ಸಿಡಿಯುತ್ತದೆ. ಬೆಣ್ಣೆಯ ಹಾಗೆ ಓಡುವುದು ಅದರ ಪಕ್ಕ ಮೆತ್ತಗಿರುವುದಕ್ಕೇ.

ಬೆಳಗಿನ_ಡೆಲಿವರಿ

ನೋಡಿದೆ ಅಣ್ಣ. 103 T. ಪ್ಲೇಟಿನಲ್ಲಿ ಹಿಂದಿನ ಆಕ್ಸಲ್ 2,250. ಹೀಗೆ ಲೆಕ್ಕ ಹಾಕಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಬದಲಿಸುತ್ತೇನೆ. ಈ ಚರ್ಚೆಯಲ್ಲೇ ನನಗೂ ಒಂದು ಟೈರು ಸಿಗಲಿ.

ಸರಕು_ವ್ಯಾನ್

ಫಿಟ್ಟರ್ ಅಣ್ಣನ ಮೂರು ಪ್ರಶ್ನೆಗೆ ಉತ್ತರ. ಟೈರು ಹಿಂದೆ ಮುಂದೆ ಬದಲಾಯಿಸಿದ್ದು ಒಮ್ಮೆಯೂ ಇಲ್ಲ. ಅಲೈನ್‌ಮೆಂಟ್ ಎರಡು ವರ್ಷದ ಹಿಂದೆ. ಗಾಳಿ ಇವತ್ತು ಬೆಳಿಗ್ಗೆ ನೋಡಿದೆ, ನಾಲ್ಕರಲ್ಲೂ 80 ಪಿಎಸ್ಐ! ಕಳೆದ ಸರ್ವಿಸಿನಲ್ಲಿ ಟೈರಿನ ಪಕ್ಕ ಬರೆದಿರುವ ಗರಿಷ್ಠ ಅಂಕಿ ನೋಡಿ ಅಷ್ಟು ತುಂಬಿದ್ದಾರೆ. ಬಾಗಿಲ ಸ್ಟಿಕರಿನಲ್ಲಿ ಮುಂದಕ್ಕೆ ಅದಕ್ಕಿಂತ ಬಹಳ ಕಡಿಮೆ ಇದೆ.

ಜೊತೆಗೆ ಗಾಡಿಯನ್ನು ಎಂದಿನ ಸಾಮಾನಿನ ಸಮೇತ ತೂಕ ಹಾಕಿಸಿದೆ. ಮುಂದಿನ ಆಕ್ಸಲ್ 1,320 ಕೆಜಿ, ಹಿಂದಿನದು 1,820. ಒಟ್ಟು 3,140.

ದೂರದ_ದಾರಿ

ತೂಕ ಹಾಕಿಸಿದ್ದು ಒಳ್ಳೇ ಕೆಲಸ ಸರ್. ನಮ್ಮಲ್ಲಿ ಬಹಳ ಜನ ಅಂದಾಜಿನಲ್ಲೇ ಓಡಿಸುತ್ತೇವೆ.

ಮುಂದಿನ ಒಂದೊಂದು ಟೈರಿನ ಮೇಲೆ ಬರೀ 660 ಕೆಜಿ ಇದೆ. ಅಂಥದ್ದಕ್ಕೆ 80 ಪಿಎಸ್ಐ ಅಂದರೆ ಡೋಲು ಬಿಗಿದ ಹಾಗೆ. ನೆಲಕ್ಕೆ ತಾಗುವ ಜಾಗ ಚಿಕ್ಕದಾಗುತ್ತದೆ, ನಡುವೆ ಜಾಸ್ತಿ ಸವೆಯುತ್ತದೆ, ರಸ್ತೆಯ ಪ್ರತಿ ಜಲ್ಲಿಯೂ ಸ್ಟೀರಿಂಗಿಗೆ ಬರುತ್ತದೆ. ಬದಿಯ ಮೇಲಿನ ಗರಿಷ್ಠ ಅಂಕಿ ಆ ಟೈರು ತನ್ನ ಪೂರ್ತಿ ಲೋಡು ಹೊರುವಾಗಿನದ್ದು. ಎಲ್ಲರಿಗೂ ಎಲ್ಲ ದಿನಕ್ಕೂ ಬೇಕಾದದ್ದಲ್ಲ.

ಬಾಗಿಲ ಸ್ಟಿಕರಿನ ಅಂಕಿಯೇ ನಿಮ್ಮ ಆಧಾರ. ಲೋಡಿಗೆ ತಕ್ಕ ಗಾಳಿಯ ಪಟ್ಟಿಯನ್ನು ಟೈರ್ ಕಂಪನಿಗಳು ಕೊಡುತ್ತವೆ. ಆಕ್ಸಲ್ ತೂಕ ಗೊತ್ತಿದ್ದರೆ ಅದರಲ್ಲಿ ಹುಡುಕಿಕೊಳ್ಳಬಹುದು. ಅಂದಾಜಿನಲ್ಲಿ ಇಳಿಸಬೇಡಿ. ಕಡಿಮೆ ಗಾಳಿ ಹೆಚ್ಚು ಗಾಳಿಗಿಂತ ಅಪಾಯ.

ಇನ್ನೊಂದು. ಹವೆ 10 ಡಿಗ್ರಿ ಬದಲಾದರೆ 65 ಪಿಎಸ್ಐ ಟೈರಿನಲ್ಲಿ ಸುಮಾರು 3 ಪಿಎಸ್ಐ ಏರುಪೇರಾಗುತ್ತದೆ. ಅದಕ್ಕೆ ತಣ್ಣಗಿರುವಾಗಲೇ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಅಂಕಿ ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಬಾರದು.

ಸರಕು_ವ್ಯಾನ್

ಸ್ಟಿಕರಿನ ಅಂಕಿಗೆ ಇಳಿಸಿ ಓಡಿಸಿದೆ. ಗುಂಯ್ ಹೋಗಿಲ್ಲ. ಆದರೆ ಕಪಾಟುಗಳ ಗಡಗಡ ಅರ್ಧ ನಿಂತಿತು. ಒಂದು ರೂಪಾಯಿ ಖರ್ಚಿಲ್ಲದೆ! ಈಗ ಟೈರಿನ ಆಯ್ಕೆಗೆ ಬರೋಣ. 115 ಸಾಕಾ, 121 ಬೇಕಾ? ಯಾವ ಪ್ಯಾಟರ್ನ್?

ಚಲಿಸುವ_ಮನೆ

ನನ್ನ ವ್ಯಾನನ್ನು ಒಳಗೆ ಮಲಗಿ, ಅಡುಗೆ ಮಾಡಿ ಬದುಕುವ ಹಾಗೆ ಮಾಡಿಸಿಕೊಂಡಿದ್ದೇನೆ. ಯಾವಾಗಲೂ ಮಿತಿಯ ಹತ್ತಿರವೇ ತೂಕ ಇರುತ್ತದೆ. ಹಾಗಾಗಿ ನಾನು 121/119 ಹಾಕಿಸಿದೆ. ನಿಮ್ಮ ಹಿಂದಿನ ಟೈರಿನ ಮೇಲೆ 910 ಕೆಜಿ ಇದೆ, ಆಕ್ಸಲ್ ಮಿತಿಗೆ ಹೋದರೂ 1,125. 115ರಲ್ಲಿ 1,215 ಸಿಗುತ್ತದೆ. ಪ್ಲೇಟಿನಲ್ಲಿ, ಕೈಪಿಡಿಯಲ್ಲಿ 115 ಅಂತಿದ್ದರೆ ಅದು ಸಾಕು. 121 ಅಂತಿದ್ದರೆ 121ಕ್ಕಿಂತ ಕೆಳಗೆ ಇಳಿಯಬೇಡಿ. ಹೆಚ್ಚಿನ ಲೋಡಿನ ಟೈರಿನ ಒಡಲು ಗಟ್ಟಿ, ಖಾಲಿ ಗಾಡಿಯಲ್ಲಿ ಸ್ವಲ್ಪ ಕುಣಿಸುತ್ತದೆ. ಅದನ್ನು ಒಪ್ಪಿಕೊಂಡರೆ ಪಕ್ಕದ ಬಲ ಸಿಗುತ್ತದೆ.

ಪ್ಯಾಟರ್ನ್ ಬಗ್ಗೆ ನನಗೆ ಬಹಳ ಹೇಳುವುದಿದೆ. ಮಲಗುವ ಮನೆಯೇ ಗಾಡಿಯಾದಾಗ ಸದ್ದಿನ ವಿಷಯದಲ್ಲಿ ಯಾರಾದರೂ ಗಂಭೀರವಾಗುತ್ತಾರೆ.

ಅಂಗಡಿಯಲ್ಲಿ ಟೈರಿನ ಮುಂದೆ ಕೂತು ನೋಡಿ. ಮೊದಲು ನಡುಭಾಗ. ಸುತ್ತಲೂ ಕಡಿಯದೆ ಓಡುವ ಪಟ್ಟಿಗಳಿವೆಯಾ? ಅಂಥ ಪಟ್ಟಿ ಇರುವ ಟೈರು ರಸ್ತೆಯನ್ನು ಬಿಡದೆ ತಾಗಿಕೊಂಡೇ ಉರುಳುತ್ತದೆ, ಬಡಿತ ಕಡಿಮೆ. ಆಲ್ ಟೆರೇನಿನಲ್ಲಿ ದೊಡ್ಡ ಬಟನ್, ನಡುವೆ ಅಗಲ ಸಂದು. ಪ್ರತಿ ಸಂದೂ ರಸ್ತೆಗೆ ಒತ್ತಿಕೊಂಡಾಗ ಒಳಗಿನ ಗಾಳಿ ಚಿಮ್ಮುತ್ತದೆ, ಬಿಟ್ಟಾಗ ಗಾಳಿ ಒಳಗೆ ನುಗ್ಗುತ್ತದೆ. ಒಂದು ಸುತ್ತಿಗೆ ಹತ್ತಾರು ಸಲ ಹೀಗಾಗುವಾಗ ಸದ್ದು ಬರದೆ ಇರುತ್ತಾ? ಮಣ್ಣಿನ ದಾರಿ, ಕೆಸರು ನಿಮ್ಮ ದಿನದ ಕೆಲಸವಾದರೆ ಅದು ಬೇಕು. ಡಾಂಬರಿನಲ್ಲೇ ಓಡುವವರಿಗೆ ಸುಮ್ನೆ ಸದ್ದು, ಸುಮ್ನೆ ಡೀಸೆಲ್ ದಂಡ.

ಆಮೇಲೆ ಅಂಚಿನ ಬಟನ್‌ಗಳ ಉದ್ದವನ್ನು ಬೆರಳಿನಿಂದ ಅಳೆಯಿರಿ. ನಾನು ಹೆಬ್ಬೆರಳನ್ನು ಒಂದೊಂದರ ಮೇಲೂ ಇಟ್ಟು ಸುತ್ತ ಹೋದೆ. ಒಂದು ಉದ್ದ, ಪಕ್ಕದ್ದು ಗಿಡ್ಡ, ಮೂರನೆಯದು ನಡುವಿನದು. ಬೇಕಂತಲೇ ಹೀಗೆ ಮಾಡುತ್ತಾರೆ. ಎಲ್ಲವೂ ಒಂದೇ ಉದ್ದ ಇದ್ದರೆ ಬಡಿತವೆಲ್ಲ ಒಂದೇ ಸ್ವರಕ್ಕೆ ಸೇರಿ ಸೀಟಿಯ ಹಾಗೆ ಕಿವಿಗೆ ಚುಚ್ಚುತ್ತದೆ. ಉದ್ದ ಬೇರೆ ಬೇರೆ ಇದ್ದರೆ ಸದ್ದು ಹರಡಿಹೋಗಿ ಗಾಳಿಯ ಸದ್ದಿನಲ್ಲಿ ಬೆರೆಯುತ್ತದೆ.

ಇನ್ನು ಯುರೋಪಿನ ಲೇಬಲ್. ಇದು 2012ರ ನವೆಂಬರ್‌ನಿಂದ ಇದೆ, 2021ರ ಮೇ 1ರಿಂದ ಹೊಸ ರೂಪದಲ್ಲಿ ಬರುತ್ತಿದೆ. ಅದರಲ್ಲಿ ಡೆಸಿಬೆಲ್ ಅಂಕಿ ಮತ್ತು A, B, C ದರ್ಜೆ ಇರುತ್ತದೆ. 3 ಡೆಸಿಬೆಲ್ ವ್ಯತ್ಯಾಸ ಅಂದರೆ ಸದ್ದಿನ ಶಕ್ತಿ ಎರಡು ಪಟ್ಟು. ಹಾಗಾಗಿ 70 ಮತ್ತು 73 ಹತ್ತಿರದ ಅಂಕಿಗಳು ಅಂದುಕೊಳ್ಳಬೇಡಿ. ಆದರೆ ಆ ಅಳತೆ ರಸ್ತೆ ಬದಿಯದ್ದು. ಎಂಜಿನ್ ಆಫ್ ಮಾಡಿ 80ರ ವೇಗದಲ್ಲಿ ಉರುಳುವ ಗಾಡಿಯ ಸದ್ದನ್ನು 7.5 ಮೀಟರ್ ದೂರದ ಮೈಕಿನಲ್ಲಿ ಹಿಡಿಯುತ್ತಾರೆ. ನಿಮ್ಮ ಸೀಟಿನಲ್ಲಿ ಕೇಳುವ ಸದ್ದಿನದ್ದಲ್ಲ. ಅದೂ ಹೊಸ ಟೈರಿನದ್ದು. ನಿಮಗೆ ಬೇಕಾದದ್ದು 30,000 ಕಿಮೀ ಆದ ಮೇಲೂ ಸುಮ್ಮನಿರುವ ಟೈರು.

ದೂರದ_ದಾರಿ

ಮೇಡಂ ಕೊನೆಯಲ್ಲಿ ಹೇಳಿದ ಮಾತೇ ಈ ಚರ್ಚೆಯ ತಿರುಳು. ಹೊಸದರಲ್ಲಿ ಬಹಳ ಟೈರುಗಳು ಸುಮ್ಮನೇ ಇರುತ್ತವೆ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಎಲ್ಲರಿಗೂ ಇಷ್ಟವಾಗುತ್ತವೆ. ಸದ್ದಿನ ಬಗ್ಗೆ ಯಾರಾದರೂ ಹೊಗಳಿದರೆ ನಾನು ಮೊದಲು ಕೇಳುವುದು ಎಷ್ಟು ಓಡಿದೆ ಅಂತ. ಬಾಳಿಕೆಯನ್ನೂ ಸದ್ದನ್ನೂ ಬೇರೆ ಬೇರೆ ನೋಡಬೇಡಿ. ಸಮನಾಗಿ ಸವೆಯುವ ಟೈರು ಸುಮ್ಮನಿರುತ್ತದೆ, ಜಾಸ್ತಿ ದಿನವೂ ಬರುತ್ತದೆ. ಓರೆಯಾಗಿ ಸವೆಯುವುದು ಎರಡನ್ನೂ ಒಟ್ಟಿಗೇ ಹಾಳು ಮಾಡುತ್ತದೆ.

ಬೆಳಗಿನ_ಡೆಲಿವರಿ

ಹೆಸರು ಹೇಳಿ ಮಹನೀಯರೇ. ಅಂಗಡಿಗೆ ಹೋದರೆ ಏನಂತ ಕೇಳಲಿ?

ಹಳೇ_ಫಿಟ್ಟರ್

ವ್ಯಾನಿಗೆ ಅಂತಲೇ ಮಾಡಿದ ಸಾಲುಗಳು ಬಹಳ ಇವೆ. ಮಿಶೆಲಿನ್‌ನ ಅಜಿಲಿಸ್, ಕಾಂಟಿನೆಂಟಲ್‌ನ ವ್ಯಾನ್‌ಕಾಂಟ್ಯಾಕ್ಟ್, ಬ್ರಿಜ್‌ಸ್ಟೋನ್‌ನ ಡ್ಯುರಾವಿಸ್, ಗುಡ್‌ಇಯರ್‌ನ ಎಫಿಶಿಯೆಂಟ್‌ಗ್ರಿಪ್ ಕಾರ್ಗೋ, ಹ್ಯಾಂಕೂಕ್‌ನ ವ್ಯಾಂಟ್ರಾ, ಪಿರೆಲಿಯ ಕ್ಯಾರಿಯರ್. ಇವೆಲ್ಲ ಸರಕಿನ ಭಾರಕ್ಕೆ ಮಾಡಿದವು.

ಹಿಮ ಬೀಳುವ ಕಡೆ ಓಡಿಸುವವರು ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ಅದು ಪರೀಕ್ಷೆ ಪಾಸಾದ ಗುರುತು. ಬರೀ M+S (ಕೆಸರು, ಹಿಮ) ಅಂತ ಬರೆದಿದ್ದರೆ ಅದು ಪ್ಯಾಟರ್ನಿನ ರೂಪವನ್ನು ಮಾತ್ರ ಹೇಳುತ್ತದೆ. ಅಜಿಲಿಸ್ ಕ್ರಾಸ್‌ಕ್ಲೈಮೇಟ್, ವ್ಯಾನ್‌ಕಾಂಟ್ಯಾಕ್ಟ್ ಫೋರ್‌ಸೀಸನ್, ವೆಕ್ಟರ್ ಫೋರ್‌ಸೀಸನ್ಸ್ ಕಾರ್ಗೋ, ಟೋಯೋ ಸೆಲ್ಸಿಯಸ್ ಕಾರ್ಗೋ, ಇವಕ್ಕೆ ಆ ಗುರುತು ಇದೆ. ಹಿಮವೇ ಇಲ್ಲದ ಕಡೆ, ಬರೀ ಬಿಸಿಲಿನ ಹೆದ್ದಾರಿಯಲ್ಲಿ ಓಡುವವರಿಗೆ ಪಟ್ಟಿ ಪ್ಯಾಟರ್ನಿನ ಬೇಸಿಗೆ ಟೈರು ಒಳ್ಳೆಯದು. ಸೀಳುಗಳು ಜಾಸ್ತಿ ಇರುವ ಬಟನ್ ಬಿಸಿಯಲ್ಲಿ ಅಲುಗಾಡುತ್ತದೆ, ಬೇಗ ಸವೆಯುತ್ತದೆ.

ಒಂದೇ ಹೆಸರಿನ ಟೈರೂ ಸೈಜಿನಿಂದ ಸೈಜಿಗೆ ಬೇರೆ. ಲೇಬಲ್ಲನ್ನು ನಿಮ್ಮ ಸೈಜಿಗೇ ನೋಡಿ.

ಬಾಳಿಕೆಯ ಬಗ್ಗೆ ಇನ್ನೊಂದು. ಕಾರ್ ಟೈರಿನ ಮೇಲೆ ಅಮೆರಿಕದ ಟ್ರೆಡ್‌ವೇರ್ ಅಂಕಿ ಇರುತ್ತದಲ್ಲ, ಆ ನಿಯಮ ಈ ಸರಕು ಟೈರುಗಳಿಗೆ ಬರುವುದಿಲ್ಲ. ಆದ್ದರಿಂದ ಹೊಸ ಟೈರಿನ ಆಳ ಎಷ್ಟು ಮಿಮೀ ಅಂತ ಕೇಳಿ, ನಿಮ್ಮ ಹಳೇ ಟೈರಿನ ಲೆಕ್ಕ ಮಾಡಿ. ಪ್ರಶ್ನೆ ಕೇಳಿದವರು 55,000 ಕಿಮೀಗೆ 6 ಮಿಮೀ ಸವೆಸಿದ್ದಾರೆ. ಮಿಲಿಮೀಟರಿಗೆ ಸುಮಾರು 9,000 ಕಿಮೀ ಬಿತ್ತು. ಕೆಟ್ಟದ್ದೇನಲ್ಲ. ಸದ್ದಿಲ್ಲದಿದ್ದರೆ ಇನ್ನೂ ಸ್ವಲ್ಪ ಓಡಿಸುತ್ತಿದ್ದರೇನೋ. 1.6 ಮಿಮೀ ಬಹಳ ದೇಶಗಳಲ್ಲಿ ಕಾನೂನಿನ ಕೊನೆ. ಆದರೆ ಭಾರದ ಗಾಡಿಗೆ ಮಳೆಯಲ್ಲಿ 3ರ ಕೆಳಗೆ ಹೋಗುವುದು ನನಗೆ ಇಷ್ಟವಿಲ್ಲ. ಅಷ್ಟು ನೀರನ್ನು ಪಕ್ಕಕ್ಕೆ ತಳ್ಳಲು ಜಾಗ ಇರಲ್ಲ.

ಸರಕು_ವ್ಯಾನ್

ಒಂದು ಆಸೆ ಇದೆ. ಗಾಡಿ ಸ್ವಲ್ಪ ಎತ್ತರ ಕಾಣಲಿ ಅಂತ 245/75R16 ಹಾಕಿಸಬಹುದಾ? ಅದರಲ್ಲೂ ಲೋಡ್ ಇಂಡೆಕ್ಸ್ ಚೆನ್ನಾಗಿದೆ.

ದೂರದ_ದಾರಿ

ಲೆಕ್ಕ ಮಾಡಿ ನೋಡಿ ಸರ್. 235/65R16ರ ಎತ್ತರ ಸುಮಾರು 712 ಮಿಮೀ. 245/75R16ರದ್ದು 774. 62 ಮಿಮೀ ದೊಡ್ಡದು, ಸುಮಾರು 8.7 ಶೇಕಡಾ. ಮೀಟರ್ ಸರಿಯಾಗಿ 100 ತೋರಿಸುವ ಗಾಡಿ ಈಗ 100 ಅಂದಾಗ ನಿಜಕ್ಕೆ 108 ದಾಟಿರುತ್ತದೆ. ಗೇರು ಎಳೆಯಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ತಾಗಬಹುದು, ಚಕ್ರದ ಭಾರವೂ ಏರುತ್ತದೆ. ಸದ್ದು ಕಡಿಮೆ ಬೇಕು ಅಂತ ಬಂದವರು ನೀವು. ತಯಾರಕರು ಕೊಟ್ಟ ಸೈಜಿನಲ್ಲೇ ಇರಿ.

ಸರಕು_ವ್ಯಾನ್

ಸರಿ, ಬಿಟ್ಟೆ.

ಚಲಿಸುವ_ಮನೆ

ಟೈರಿನ ಜೊತೆ ಗಾಡಿಯ ಒಳಗನ್ನೂ ನೋಡಿ. ಖಾಲಿ ತಗಡಿನ ವ್ಯಾನ್ ಅಂದರೆ ದೊಡ್ಡ ಡಬ್ಬ. ಟೈರು ಹುಟ್ಟಿಸಿದ ಸದ್ದನ್ನು ಅದು ದೊಡ್ಡದು ಮಾಡುತ್ತದೆ. ನಾನು ಚಕ್ರದ ಮೇಲಿನ ಗುಮ್ಮಟದ ತಗಡಿಗೆ ಬ್ಯುಟೈಲ್ ಶೀಟ್ (ತಗಡಿನ ನಡುಕ ತಡೆಯುವ ರಬ್ಬರಿನಂಥ ಹಾಳೆ) ಅಂಟಿಸಿದೆ. ಅಂಟಿಸುವ ಮೊದಲು ಬೆರಳಿನಿಂದ ಬಡಿದರೆ ಟಂಗ್ ಅನ್ನುತ್ತಿತ್ತು, ಅಂಟಿಸಿದ ಮೇಲೆ ಟಕ್ ಅಂತಷ್ಟೇ. ಪೂರ್ತಿ ಮುಚ್ಚಬೇಕಿಲ್ಲ, ತಗಡಿನ ನಡುಭಾಗಕ್ಕೆ ಬಿದ್ದರೆ ಸಾಕು. ನೆಲಕ್ಕೆ ದಪ್ಪ ರಬ್ಬರ್ ಹಾಸು, ಅದರ ಮೇಲೆ ಪ್ಲೈವುಡ್. ನಿಮ್ಮ ಬಳಿ ಪ್ಲೈವುಡ್‌ಗೆ ಬರವಿಲ್ಲ ಅಲ್ವಾ. ಚಾಲಕನ ಹಿಂದೆ ಅಡ್ಡಗೋಡೆ ಇಲ್ಲದಿದ್ದರೆ ಅದೂ ಒಂದು ದೊಡ್ಡ ಬದಲಾವಣೆ.

ಹಳೇ_ಫಿಟ್ಟರ್

ಹಾಕಿಸುವ ದಿನ ಎದುರಿಗೇ ನಿಂತು ಈ ಕೆಲವನ್ನು ನೋಡಿ.

ತಾರೀಖು. ಟೈರಿನ ಪಕ್ಕ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2324 ಅಂದರೆ 2024ರ 23ನೇ ವಾರ ಮಾಡಿದ್ದು. ಕೆಲವೊಮ್ಮೆ ಒಂದು ಪಕ್ಕದಲ್ಲಿ ಮಾತ್ರ ಪೂರ್ತಿ ಇರುತ್ತದೆ, ಹಾಕುವ ಮುಂಚೆ ನೋಡಿದರೆ ಬಗ್ಗುವ ಕಷ್ಟ ತಪ್ಪುತ್ತದೆ. ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರ್ ಸದ್ದೂ ಜಾಸ್ತಿ, ಮಳೆಯಲ್ಲಿ ಹಿಡಿತವೂ ಕಡಿಮೆ.

ವಾಲ್ವ್. ಇದನ್ನು ಬಹಳ ಜನ ಮರೆಯುತ್ತಾರೆ. ಕಾರಿಗೆ ಹಾಕುವ ಮಾಮೂಲಿ ರಬ್ಬರ್ ವಾಲ್ವ್ 65 ಪಿಎಸ್ಐಗೆ ಮಾತ್ರ. ನಿಮ್ಮ ಹಿಂದಿನ ಚಕ್ರಕ್ಕೆ ಅದಕ್ಕಿಂತ ಹೆಚ್ಚು ಬೇಕಾದರೆ ಹೆಚ್ಚಿನ ಒತ್ತಡದ ವಾಲ್ವ್ ಅಥವಾ ಲೋಹದ ವಾಲ್ವ್ ಕೇಳಿ ಹಾಕಿಸಿ. ನೂರು ಸಲ ಹೇಳಿದರೂ ಕಡಿಮೆ.

ಹಾಕಿದ ಮೇಲೆ ಬ್ಯಾಲೆನ್ಸಿಂಗ್, ಆಮೇಲೆ ಅಲೈನ್‌ಮೆಂಟ್. ಅದಕ್ಕೂ ಮೊದಲು ಶಾಕ್ ಅಬ್ಸಾರ್ಬರ್ ನೋಡಿಸಿ. ಅದು ಸೋತಿದ್ದರೆ ಚಕ್ರ ಕುಣಿಯುತ್ತಾ ಓಡಿ ಟೈರಿನಲ್ಲಿ ಅಲ್ಲಲ್ಲಿ ತಟ್ಟೆಯಂಥ ತಗ್ಗು ಬೀಳುತ್ತದೆ. ಎಷ್ಟು ಒಳ್ಳೇ ಟೈರು ಹಾಕಿದರೂ ಆರು ತಿಂಗಳಲ್ಲಿ ಮತ್ತೆ ಗುಂಯ್. ಚಕ್ರದ ಬೋಲ್ಟನ್ನು ಗನ್ನಿನಲ್ಲಿ ಬಿಗಿದು ಬಿಡಬಾರದು. ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು, 50ರಿಂದ 100 ಕಿಮೀ ಓಡಿದ ಮೇಲೆ ಮತ್ತೆ ನೋಡಬೇಕು.

ಮೊದಲ ಕೆಲವು ನೂರು ಕಿಮೀ ಮೆಲ್ಲಗೆ ಓಡಿಸಿ. ಹೊಸ ಟೈರಿನ ಮೈ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಇರುತ್ತದೆ.

ಆಮೇಲೆ ಪ್ರತಿ 8,000ರಿಂದ 10,000 ಕಿಮೀಗೆ ಹಿಂದೆ ಮುಂದೆ ಬದಲಾಯಿಸಿ. ಟೈರಿನ ಪಕ್ಕ ಬಾಣದ ಗುರುತಿದ್ದರೆ ಅದೇ ಬದಿಯಲ್ಲಿ ಮಾತ್ರ ಹಿಂದೆ ಮುಂದೆ. ಹಲ್ಲು ಶುರುವಾಗುವಾಗಲೇ ಬದಲಿಸಿದರೆ ಡ್ರೈವ್ ಚಕ್ರ ಅದನ್ನು ಉಜ್ಜಿ ಸರಿ ಮಾಡುತ್ತದೆ. ನಿಮ್ಮದರ ಹಾಗೆ ಪೂರ್ತಿ ಹಲ್ಲಾದ ಮೇಲೆ ಅದು ಸರಿಹೋಗಲ್ಲ.

ಸರಕು_ವ್ಯಾನ್

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಕೈಪಿಡಿ ತೆಗೆದು ನೋಡಿದೆ. ನನ್ನ ಗಾಡಿಗೆ 121/119 ಅಂತಲೇ ಇತ್ತು. 115 ಪ್ರಶ್ನೆ ಅಲ್ಲಿಗೇ ಮುಗಿಯಿತು. ನಮ್ಮ ದಾರಿಯಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಆದ್ದರಿಂದ ವ್ಯಾನ್‌ಕಾಂಟ್ಯಾಕ್ಟ್ ಫೋರ್‌ಸೀಸನ್ ತೆಗೆದುಕೊಂಡೆ. ನಾಲ್ಕಕ್ಕೂ ಲೋಹದ ವಾಲ್ವ್. ಮುಂದಿನ ಒಂದು ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಒಸರುತ್ತಿತ್ತು, ಜೋಡಿಯಾಗಿ ಎರಡನ್ನೂ ಬದಲಿಸಿದೆ. ಅಲೈನ್‌ಮೆಂಟಿನಲ್ಲಿ ಮುಂದಿನ ಚಕ್ರಗಳು ಬೇಕಾದದ್ದಕ್ಕಿಂತ ಜಾಸ್ತಿ ಒಳಮುಖವಾಗಿದ್ದವು. ಹೊರ ಅಂಚು ಯಾಕೆ ಸವೆದಿತ್ತು ಅಂತ ಆಗ ಗೊತ್ತಾಯಿತು.

ಹಳೇ ಟೈರು ಬಿಚ್ಚುವ ಮೊದಲ ದಿನ ಫೋನಿನ ಡೆಸಿಬೆಲ್ ಆಪ್‌ನಲ್ಲಿ ಅಳೆದಿದ್ದೆ. ಅದೇ ರಸ್ತೆ, ಅದೇ 80, ಫೋನು ಅದೇ ಸ್ಟ್ಯಾಂಡಿನಲ್ಲಿ, ಪಕ್ಕದಲ್ಲಿ ಕೂತ ತಮ್ಮ ನೋಡಿಕೊಂಡ. ಆಗ 75 ಆಸುಪಾಸು, ಈಗ 70. ಫೋನಿನ ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ, ಆದರೆ ವ್ಯತ್ಯಾಸ ನಿಜ. ತಮ್ಮ ಮಾಮೂಲಿ ದನಿಯಲ್ಲಿ ಅಂಕಿ ಹೇಳಿದ, ನನಗೆ ಕೇಳಿಸಿತು.

ದೂರದ_ದಾರಿ

ಕೇಳಿ ಖುಷಿಯಾಯಿತು ಸರ್. ಆದರೆ ನಿಜವಾದ ಪರೀಕ್ಷೆ 9,000 ಕಿಮೀ ಆದಾಗ.

ಬೆಳಗಿನ_ಡೆಲಿವರಿ

ನನ್ನದೂ ಬದಲಾಯಿತು. 115/113, ಪಟ್ಟಿ ಪ್ಯಾಟರ್ನ್. ನನ್ನ ಕೈಪಿಡಿಯಲ್ಲಿ 115 ಇತ್ತು. ಕಾರ್ ಟೈರಿಗಿಂತ ಸ್ವಲ್ಪ ಗಡಸು, ಸದ್ದು ಹೆಚ್ಚೇನೂ ಇಲ್ಲ. ತಿರುವಿನಲ್ಲಿ ಗಾಡಿ ತೂಗಾಡುವುದು ನಿಂತುಹೋಯಿತು. ಇಷ್ಟು ದಿನ ಅದು ಸಸ್ಪೆನ್ಷನ್ ಅಂದುಕೊಂಡಿದ್ದೆ.

ಸರಕು_ವ್ಯಾನ್

ಇವತ್ತಿಗೆ 9,200 ಕಿಮೀ. ಬೆಳಿಗ್ಗೆ ಅಂಗೈ ಆಡಿಸಿದೆ. ಹಿಂದಿನವು ಎರಡೂ ಕಡೆಗೆ ನುಣುಪು. ಮುಂದಿನ ಎಡ ಟೈರಿನ ಹೊರ ಅಂಚಿನಲ್ಲಿ ಮಾತ್ರ ಸ್ವಲ್ಪ ತರಿ ತರಿ ಅನಿಸಿತು. ಅಷ್ಟರಲ್ಲೇ ಹಿಂದೆ ಮುಂದೆ ಬದಲಿಸಿದೆ. ಸದ್ದು ಮೊದಲ ವಾರದಷ್ಟೇ ಇದೆ.

ಚಕ್ರ ಬಿಚ್ಚಿದ್ದೆನಲ್ಲ, ಸ್ಟೆಪ್ನಿಯನ್ನೂ ಕೆಳಗಿಳಿಸಿ ನೋಡಿದೆ. ಗಾಡಿಯ ಹೊಟ್ಟೆಯ ಕೆಳಗೆ ತೂಗುಹಾಕಿದ್ದು, ಕೊಂಡಾಗಿನಿಂದ ಮುಟ್ಟಿರಲಿಲ್ಲ. ಬಟನ್ ಪೂರ್ತಿ ಹೊಸದು. ಮಣ್ಣು ಒರೆಸಿ ಅಂಕಿ ಓದಿದೆ, 0714.

ಹಳೇ_ಫಿಟ್ಟರ್

2014ರ 7ನೇ ವಾರ. ಬಟನ್ ನೋಡಬೇಡಿ, ಪಕ್ಕ ಬಗ್ಗಿಸಿ ಬಿರುಕು ನೋಡಿ. ಬಿರುಕು ಇಲ್ಲದಿದ್ದರೂ ಹತ್ತು ವರ್ಷ ದಾಟಿದ್ದನ್ನು ಭಾರದ ಗಾಡಿಗೆ ಹಾಕಬಾರದು. ಬಹಳ ಕಂಪನಿಗಳು ಹೇಳುವುದೂ ಅದೇ, ಸ್ಟೆಪ್ನಿಗೂ ಸೇರಿಸಿ.

ಸರಕು_ವ್ಯಾನ್

ಬಗ್ಗಿಸಿ ನೋಡಿದೆ. ರಿಮ್ಮಿನ ಪಕ್ಕ ಸುತ್ತಲೂ ಕೂದಲೆಳೆಯಂಥ ಬಿರುಕು. ಗಾಳಿಯೂ 20 ಪಿಎಸ್ಐ ಮಾತ್ರ ಉಳಿದಿತ್ತು. ಅದೇ ಸೈಜು, ಅದೇ 121ರಲ್ಲಿ ಒಂದನ್ನು ಹೇಳಿಟ್ಟು ಬಂದೆ. ನಾಳೆ ಬೆಳಿಗ್ಗೆ ಹಾಕಿಸುತ್ತೇನೆ.